ಮನೆವಾರ್ತೆ: ಮಿಣುಕುವ ದೀಪವೂ ಮಂದಗೊಳಿಸುವ ಗುಂಡಿಯೂ

ಕಂದೀಲಿನ ಕಾಲದಲ್ಲಿ ಬೆಳಕನ್ನು ಹೆಚ್ಚುಕಡಿಮೆ ಮಾಡುವದು ಒಂದು ವಿದ್ಯೆಯೆನಿಸಿರಲಿಲ್ಲ. ಕಿವಿಯನ್ನು ತಿರುವಿದರೆ ಬತ್ತಿ ಇಳಿಯುವದು, ಬತ್ತಿಯೊಡನೆ ಬೆಳಕೂ ಇಳಿಯುವದು. ಈಗ ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಹೊಸದಾಗಿ ಕಟ್ಟಿಸುವ ಮನೆಗಳಲ್ಲಿ ಅದೇ ಕೆಲಸಕ್ಕೆ ಡಿಮ್ಮರ್ ಗುಂಡಿಗಳು ಬರತೊಡಗಿವೆ. ಅವುಗಳಲ್ಲಿ ಸ್ಮಾರ್ಟ್ ಎಂಬ ಜಾತಿಯವು ಕೈಗೆ ಮಾತ್ರವಲ್ಲದೆ ಮೊಬಾಯಿಲಿಗೂ ಬಾಯಿಮಾತಿಗೂ ಮಣಿಯುವವು. ಆದರೆ ಹಣ ಕೊಟ್ಟು ಹಾಕಿಸಿದ ಮೇಲೆ ದೀಪವು ಮಿಣಮಿಣನೆ ಮಿಣುಕುವದು, ಗುಂಯ್‌ಗುಡುವದು, ಅರ್ಧಕ್ಕೆ ಇಳಿಸುವಷ್ಟರಲ್ಲಿ ತಾನಾಗಿಯೇ ಆರಿಬಿಡುವದು, ಇಲ್ಲವೆ ಆರಿಸಿದ ಮೇಲೆಯೂ ಬೂದಿಯೊಳಗಿನ ಕೆಂಡದಂತೆ ಮಂಕಾಗಿ ಹೊಳೆಯುತ್ತಿರುವದು. ಮನೆಯ ಯಜಮಾನರು ಮೊದಲು ಬಲ್ಬನ್ನು ಬೈಯುವರು; ಎರಡನೆಯ ಬಲ್ಬೂ ಹಾಗೆಯೇ ಮಾಡಿದರೆ ಹೆಸ್ಕಾಂ ತಂತಿಯನ್ನು ಬೈಯುವರು. ಗಜೇಂದ್ರಗಡದವರಾದರೆ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳ ಕಡೆಗೂ ಬೆರಳು ತೋರಿಸಿಯಾರು!

ಗಾಳಿಯಂತ್ರಗಳನ್ನು ಮೊದಲು ಬಿಟ್ಟುಬಿಡೋಣ. ಅಲ್ಲಿ ಹುಟ್ಟಿದ ವಿದ್ಯುತ್ತು ನೇರವಾಗಿ ನಮ್ಮ ಪಡಸಾಲೆಗೆ ಬರುವದಿಲ್ಲ. ದೊಡ್ಡ ತಂತಿಗಳ ಜಾಲದಲ್ಲಿ ಬೇರೆಲ್ಲ ವಿದ್ಯುತ್ತಿನೊಡನೆ ಬೆರೆತುಹೋಗುವದು. ಒಂದೇ ಕೋಣೆಯ ಒಂದೇ ದೀಪ ಮಿಣುಕುತ್ತಿದ್ದರೆ ಕಾರಣವನ್ನು ಆ ಕೋಣೆಯಲ್ಲಿಯೇ ಹುಡುಕಬೇಕು.

ನಮಗೆ ತಿಳಿದಮಟ್ಟಿಗೆ ಬಹುತರ ಪ್ರಸಂಗಗಳಲ್ಲಿ ತಪ್ಪು ಬಲ್ಬಿನದೂ ಅಲ್ಲ, ಗುಂಡಿಯದೂ ಅಲ್ಲ. ಅವೆರಡಕ್ಕೂ ಜೋಡಿ ಕೂಡಿಲ್ಲ, ಅಷ್ಟೆ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆಮುಂದೆ ಹರಿಯುವದು; ಅಂದರೆ 100 ಅರ್ಧ ಅಲೆಗಳು. ಹಳೆಯ ತರದ ಡಿಮ್ಮರು ಪ್ರತಿಯೊಂದು ಅರ್ಧ ಅಲೆಯ ತಲೆಯನ್ನು ಕತ್ತರಿಸಿ ಉಳಿದುದನ್ನು ಮಾತ್ರ ದೀಪಕ್ಕೆ ಬಿಡುವದು. ತಂತಿ ಕಾದು ಬೆಳಗುವ ಹಳೆಯ ಬಲ್ಬಿಗೆ ಇದರಿಂದ ಬಾಧೆಯಿಲ್ಲ. ಕಾದ ತಂತಿ ಸೆಕೆಂಡಿನ ನೂರರಲ್ಲೊಂದು ಪಾಲಿನಲ್ಲಿ ಆರುವದೆಂತು? ಎಲ್‌ಇಡಿ ಬಲ್ಬಿನ ಹೊಟ್ಟೆಯಲ್ಲಿಯಾದರೋ ಒಂದು ಚಿಕ್ಕ ಯಂತ್ರವಿದೆ. ತುಂಡಾದ ಅಲೆಯನ್ನು ಅರಗಿಸಿಕೊಳ್ಳುವಂತೆ ಅದನ್ನು ಮಾಡಿರದಿದ್ದರೆ ಅದು ತಡವರಿಸುವದು. ಮೇಲಾಗಿ ಹಳೆಯ ಡಿಮ್ಮರುಗಳು 60, 100 ವ್ಯಾಟಿನ ಬಲ್ಬುಗಳಿಗಾಗಿ ಹುಟ್ಟಿದವು. ಕನಿಷ್ಠ 40 ವ್ಯಾಟು ಬೇಕೆಂದು ಬರೆದಿರುವ ಗುಂಡಿಗೆ 9 ವ್ಯಾಟಿನದೊಂದು ಬಲ್ಬನ್ನು ಕಟ್ಟುವದೆಂದರೆ ಎತ್ತಿನ ಬಂಡಿಗೆ ಆಡಿನ ಮರಿ ಹೂಡಿದಂತೆ. ನಾಲ್ಕು ಬಲ್ಬು ಕಟ್ಟಿದರೂ 36 ವ್ಯಾಟೇ ಆಯಿತು.

ಆದುದರಿಂದ ಕೊಳ್ಳುವಾಗ ಬಲ್ಬಿನ ಪೆಟ್ಟಿಗೆಯ ಮೇಲೆ ಡಿಮ್ಮೇಬಲ್ ಎಂಬ ಮಾತು ಇದೆಯೋ ಇಲ್ಲವೋ ನೋಡಬೇಕು. 2015ರಿಂದ ಉಜಾಲಾ ಯೋಜನೆಯಲ್ಲಿ, ನಮ್ಮ ರಾಜ್ಯದಲ್ಲಿ ಹೊಸಬೆಳಕು ಎಂಬ ಹೆಸರಿನಿಂದ, ಅಗ್ಗವಾಗಿ ಹಂಚಿದ 9 ವ್ಯಾಟಿನ ಬಲ್ಬುಗಳು ಸಾದಾ ಬಲ್ಬುಗಳು. ಅವು ಮನೆಮನೆಯ ಖರ್ಚನ್ನು ಇಳಿಸಿದುದು ನಿಜ, ಆದರೆ ಡಿಮ್ಮರಿಗೆ ಹಾಕತಕ್ಕವಲ್ಲ. ಗುಂಡಿಯನ್ನು ಕೊಳ್ಳುವಾಗ ಅಲೆಯ ತಲೆಯ ಬದಲು ಬಾಲವನ್ನು ಕತ್ತರಿಸುವ ಜಾತಿಯನ್ನು, ಅಂದರೆ ಟ್ರೇಲಿಂಗ್ ಎಜ್ ಎಂಬುದನ್ನು ಕೇಳಿರಿ. ಎಲ್‌ಇಡಿಗೆ ಸಾಮಾನ್ಯವಾಗಿ ಅದೇ ಹೊಂದುವದು. ಇನ್ನು, ತಾನೇ ಮೊಬಾಯಿಲಿನ ಮಾತು ಕೇಳುವ ಸ್ಮಾರ್ಟ್ ಬಲ್ಬನ್ನು ಸ್ಮಾರ್ಟ್ ಡಿಮ್ಮರಿಗೆ ಎಂದಿಗೂ ಕಟ್ಟಬಾರದು. ಒಂದು ಮನೆಗೆ ಇಬ್ಬರು ಯಜಮಾನರಾದಂತೆ ಆಗುವದು.

ಈಗಾಗಲೇ ಹಾಕಿಸಿ ಕಷ್ಟಪಡುತ್ತಿರುವವರು ಮತ್ತೆ ಹಣ ಸುರಿಯುವ ಮೊದಲು ಕಾಸಿಲ್ಲದ ಒಂದು ಪರೀಕ್ಷೆ ಮಾಡಲಿ. ಮಿಣುಕುವ ಬಲ್ಬನ್ನು ತೆಗೆದು ಸಾದಾ ಗುಂಡಿಯಿರುವ ಬೇರೆ ಕೋಣೆಯ ಹೋಲ್ಡರಿಗೆ ಹಾಕಬೇಕು. ಅಲ್ಲಿಯೂ ಮಿಣುಕಿದರೆ ಬಲ್ಬಿನ ಆಯುಷ್ಯ ಮುಗಿಯುತ್ತ ಬಂದಿದೆ. ಅಲ್ಲಿ ಸ್ಥಿರವಾಗಿ ಉರಿದರೆ, ಮೂಲೆಯಲ್ಲೆಲ್ಲೋ ಉಳಿದ 60 ವ್ಯಾಟಿನ ಹಳೆಯ ಬಲ್ಬನ್ನು ಡಿಮ್ಮರಿನ ಹೋಲ್ಡರಿಗೆ ಹಾಕಿ ನೋಡಬೇಕು. ಹಳೆಯದು ನೆಟ್ಟಗೆ ಉರಿದರೆ ಜೋಡಿಯ ದೋಷವೇ ಖಂಡಿತ. ಹಳೆಯದೂ ಮಿಣುಕಿದರೆ ತಂತಿ ಎಲ್ಲಿಯೋ ಸಡಿಲಾಗಿದೆ, ಇಲ್ಲವೆ ಗುಂಡಿಯೇ ಕೆಟ್ಟಿದೆ. ಸಡಿಲಾದ ತಂತಿ ಕಾದು ಬೆಂಕಿ ಹತ್ತಬಹುದಾದ್ದರಿಂದ ವಾಯರಮನ್ನನನ್ನು ಕರೆಸಲು ತಡಮಾಡಬಾರದು. ಈ ಪರೀಕ್ಷೆಯನ್ನು ಹಗಲಿಗೊಮ್ಮೆ, ರಾತ್ರಿಗೊಮ್ಮೆ ಮಾಡುವದು ಲೇಸು. ಹೊಲದ ಪಂಪುಗಳು ನಡೆಯುವ ಹೊತ್ತಿನಲ್ಲಿ ವೋಲ್ಟೇಜು ಇಳಿಯುವ ಊರುಗಳಲ್ಲಿ ಆ ಹೊತ್ತಿಗೆ ಮಾತ್ರ ಮಿಣುಕುವದುಂಟು.

ಕೆಳಮಟ್ಟಕ್ಕೆ ಇಳಿಸಿದಾಗ ಮಾತ್ರ ಮಿಣುಕಿದರೆ ಗಾಬರಿ ಬೇಡ. ಹಲವು ಸ್ಮಾರ್ಟ್ ಡಿಮ್ಮರುಗಳಲ್ಲಿ ಅತಿ ಕಡಿಮೆ ಬೆಳಕು ಎಷ್ಟಿರಬೇಕೆಂಬುದನ್ನು ಮೊಬಾಯಿಲಿನಿಂದಲೇ ಗೊತ್ತುಪಡಿಸಬಹುದು. ಅದನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಹೋಗಿ, ಮಿಣುಕು ನಿಂತಲ್ಲಿ ಬಿಡಬೇಕು.

ಆರಿಸಿದ ಮೇಲೆಯೂ ಹೊಳೆಯುವ ದೀಪದ ಮಾತು ಬೇರೆ. ಇಲ್ಲಿ ನಾವು ಸ್ವಲ್ಪ ನಿಂತು ಹೇಳಬೇಕಾಗಿದೆ. ಸ್ಮಾರ್ಟ್ ಗುಂಡಿಗೆ ನಿದ್ರೆಯಿಲ್ಲ. ಯಾವಾಗ ಕರೆ ಬಂದೀತೆಂದು ಕಾಯ್ದಿರಲು ಅದಕ್ಕೆ ಸದಾ ತುಸು ವಿದ್ಯುತ್ತು ಬೇಕು. ಬೋರ್ಡಿನಲ್ಲಿ ಫೇಸ್ ತಂತಿಯೊಡನೆ ನ್ಯೂಟ್ರಲ್ ತಂತಿಯೂ ಇದ್ದರೆ ಅದು ಅಲ್ಲಿಂದಲೇ ಪಡೆಯುವದು. ನ್ಯೂಟ್ರಲ್ ಇಲ್ಲದೆ ನಡೆಯುವ ಜಾತಿಯ ಗುಂಡಿಯು ಬಲ್ಬಿನ ಮೂಲಕವೇ ತನ್ನ ಪಾಲನ್ನು ಎಳೆದುಕೊಳ್ಳುವದು. 60 ವ್ಯಾಟಿನ ಬಲ್ಬಿಗೆ ಆ ಹನಿ ಲೆಕ್ಕಕ್ಕಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು ಹೊಳೆಯಲಿಕ್ಕೆ. ಪ್ಲಗ್ ಪಾಯಿಂಟು ಕೂಡಿರುವ ಬೋರ್ಡುಗಳಲ್ಲಿ ನ್ಯೂಟ್ರಲ್ ಇದ್ದೇ ಇರುವದರಿಂದ ಅಂತಹ ಬೋರ್ಡಿನಲ್ಲಿ ನ್ಯೂಟ್ರಲ್ ಬೇಡುವ ಗುಂಡಿಯನ್ನೇ ಹಾಕಿಸಿರಿ. ನ್ಯೂಟ್ರಲ್ ತರಲು ಸಾಧ್ಯವಿಲ್ಲದಿದ್ದರೆ, ಗುಂಡಿಯನ್ನು ಮಾಡಿದವರೇ ಹೇಳಿರುವ ಬೈಪಾಸ್ ಎಂಬ ಚಿಕ್ಕ ಸಾಧನವನ್ನು ವಾಯರಮನ್ನನು ದೀಪದ ಬಳಿ ಜೋಡಿಸಬಲ್ಲನು.

ಈ ಮಂಕು ಹೊಳಪಿಗೆ ಇನ್ನೊಂದು ಕಾರಣವೂ ಇರಬಹುದು, ಅದು ಭಯಂಕರವಾದದ್ದು. ಕೆಲವು ಹಳೆಯ ಮನೆಗಳಲ್ಲಿ ತಂತಿ ಎಳೆದವರು ಗುಂಡಿಯನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲಿಗೆ ಹಾಕಿರುವರು. ಆಗ ದೀಪ ಆರಿದ್ದರೂ ಹೋಲ್ಡರಿನಲ್ಲಿ ವಿದ್ಯುತ್ತು ತುಂಬಿಯೇ ಇರುವದು. ಗುಂಡಿ ಆರಿಸಿದ್ದೇನೆಂದು ನಂಬಿ ಕುರ್ಚಿಯೇರಿ ಕೈಯಿಟ್ಟವರ ಗತಿಯೇನು? ತಂತಿ ಸರಿಯಿದ್ದರೂ ಸ್ಮಾರ್ಟ್ ಡಿಮ್ಮರು ವಿದ್ಯುತ್ತನ್ನು ಪೂರ್ಣವಾಗಿ ಕಡಿದುಹಾಕುವದೆಂದು ನಂಬಲಾಗದು. ಆದಕಾರಣ ನಾವು ಮೇಲೆ ಹೇಳಿದ ಪರೀಕ್ಷೆಯಾಗಲಿ, ಬರಿಯ ಬಲ್ಬು ಬದಲಿಸುವದಾಗಲಿ, ಮೇನ್ ಸ್ವಿಚ್ಚನ್ನು ಕೆಳಗಿಳಿಸಿಯೇ ಆಗಬೇಕು. ಬೋರ್ಡು ಬಿಚ್ಚುವ ಕೆಲಸವನ್ನಂತೂ ಮನೆಯವರು ಮಾಡತಕ್ಕದ್ದಲ್ಲ.

ಕರೆಂಟು ಹೋದಾಗ ಮಾತ್ರ ದೀಪ ಕುಣಿದರೆ ಇನ್ವರ್ಟರನ್ನು ನೋಡಿರಿ. ಅಗ್ಗದ ಇನ್ವರ್ಟರುಗಳ ಅಲೆ ಚೌಕಾಕಾರವಾಗಿರುವದು. ಡಿಮ್ಮರಿಗೂ ಅದಕ್ಕೂ ಆಗಿಬರುವದಿಲ್ಲ, ಗುಂಡಿ ಸುಟ್ಟರೂ ಸುಟ್ಟೀತು. ಡಿಮ್ಮರಿನ ದೀಪವನ್ನು ಇನ್ವರ್ಟರಿನ ತಂತಿಯಿಂದ ಬಿಡಿಸುವದು ಸುಲಭವಾದ ಉಪಾಯ. ಸೈನ್ ವೇವ್ ಇನ್ವರ್ಟರನ್ನು ತರುವದು ಖರ್ಚಿನ ಉಪಾಯ. ಕರೆಂಟು ಮರಳಿ ಬಂದಾಗ ನಡುರಾತ್ರಿ ದೀಪ ಝಗ್ಗನೆ ಹೊತ್ತಿ ತೊಟ್ಟಿಲ ಕೂಸನ್ನು ಎಬ್ಬಿಸುತ್ತಿದ್ದರೆ, ವಿದ್ಯುತ್ತು ಬಂದಾಗ ಆರಿಯೇ ಇರಬೇಕೆಂಬ ಕಟ್ಟಳೆಯನ್ನು ಅನೇಕ ಗುಂಡಿಗಳಿಗೆ ಮೊಬಾಯಿಲಿನಿಂದ ಕೊಡಬಹುದು.

ಕೊನೆಗೆ ನಮ್ಮ ಅಭಿಪ್ರಾಯವನ್ನು ಕೇಳಿದರೆ, ಡಿಮ್ಮರು ಮಲಗುವ ಕೋಣೆಗೂ ಪಡಸಾಲೆಗೂ ಒಪ್ಪುವದು; ಮುಪ್ಪಿನವರು ರಾತ್ರಿ ಎದ್ದು ನಡೆಯುವ ದಾರಿಗೆ ಉಪಕಾರಿಯೂ ಹೌದು. ಗಜೇಂದ್ರಗಡದ ನೇಕಾರರ ಮಗ್ಗದ ಮೇಲೆ, ಮಕ್ಕಳು ಓದುವಲ್ಲಿ, ಅಡಿಗೆಯ ಒಲೆಯ ಬಳಿ ಅದು ಬೇಡ. ಕಣ್ಣಿಗೆ ಕಾಣದ ಮಿಣುಕೂ ಕೆಲವರಿಗೆ ತಲೆನೋವು ತರುವದು. ಮೊಬಾಯಿಲಿನ ಕ್ಯಾಮರಾವನ್ನು ದೀಪದತ್ತ ಹಿಡಿದಾಗ ಪರದೆಯಲ್ಲಿ ಕಪ್ಪು ಪಟ್ಟೆಗಳು ಓಡಿದರೆ ಅಂತಹ ಮಿಣುಕು ಇದೆಯೆಂದು ತಿಳಿಯಬೇಕು. ಹೊಸದಾಗಿ ಹಾಕಿಸುವವರು ಹತ್ತು ಬಲ್ಬನ್ನು ಒಮ್ಮೆಲೆ ತರದೆ ಒಂದನ್ನೇ ತಂದು, ಬೆಳಕನ್ನು ಕೆಳಗಿನಿಂದ ಮೇಲಿನವರೆಗೆ ಏರಿಸಿ ಇಳಿಸಿ ಒಂದು ವಾರ ನೋಡಿ, ಹೊಂದಿದರೆ ಅದೇ ಗುರುತಿನ ಉಳಿದವನ್ನು ತರಲಿ. ಅಂಗಡಿಯ ರಸೀತಿಯನ್ನು ಅಲ್ಲಿಯವರೆಗೆ ಜೋಪಾನವಾಗಿಡಲಿ.