ಆಲಸ್ಯವೋ, ಕಬ್ಬಿಣದ ಕೊರತೆಯೋ?

ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿಯನ್ನು ‘ಸೋಮಾರಿ’ ಎಂದು ಕರೆದುಬಿಡುವುದು ಬಲು ಸುಲಭ. ಅನೇಕ ವೇಳೆ ಆ ಮಂಪರಿಗೆ ರಕ್ತದಲ್ಲಿ ಕಬ್ಬಿಣ ಸಾಲದಿರುವುದೇ ಕಾರಣವಾಗಿರಬಹುದೆಂದು ನನ್ನ ಅಭಿಪ್ರಾಯ.

ವಯಸ್ಕರ ದೇಹದಲ್ಲಿರುವ ಕಬ್ಬಿಣವು ಒಟ್ಟು 3-4 ಗ್ರಾಂ ಮಾತ್ರ. ಒಂದು ಸಣ್ಣ ಮೊಳೆಯಷ್ಟು! ಅದರ ಬಹುಭಾಗವು ಹಿಮೋಗ್ಲೋಬಿನ್ನಿನಲ್ಲಿ ನೆಲೆಸಿ, ಶ್ವಾಸಕೋಶದಿಂದ ಪ್ರಾಣವಾಯುವನ್ನು ಅಂಗಾಂಗಗಳಿಗೆ ಒಯ್ಯುತ್ತದೆ. ಅದು ಕುಂದಿದರೆ ಮೆಟ್ಟಿಲು ಹತ್ತುವಾಗ ಏದುಸಿರು, ಪಾಠದಲ್ಲಿ ಜಡತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಎಲ್ಲಕ್ಕೂ ಕಬ್ಬಿಣವೊಂದೇ ಕಾರಣವಲ್ಲ, ನಿಜ. ಆದರೆ ಇಷ್ಟು ಮಂದಿಯೂ ಸೋಮಾರಿಗಳೇ?

ಊಟದ ಬೆನ್ನಿಗೇ ಚಹ ಕುಡಿಯುವ ಮುಂಬಯಿಯ ರೂಢಿಯನ್ನು ನಾನು ಒಪ್ಪಲಾರೆ. ಚಹದ ಒಗರು ಅಂಶವು ಕಾಳು-ಸೊಪ್ಪುಗಳಲ್ಲಿಯ ಕಬ್ಬಿಣವನ್ನು ಹಿಡಿದಿಟ್ಟು, ರಕ್ತಕ್ಕೆ ಸರಿಯಾಗಿ ಸೇರಗೊಡದು. ಲಿಂಬೆಯ ರಸವಾದರೋ ಅದಕ್ಕೆ ದಾರಿ ಮಾಡಿಕೊಡುತ್ತದೆ. ಊರಿನಲ್ಲಿ ಹುರಳಿಯ ಸಾರುಂಡು ಬೆಳೆದ ನಾವು ಇಲ್ಲಿ ಚಹ-ಪಾವಿನಲ್ಲೇ ಹೊತ್ತು ಕಳೆಯುತ್ತೇವೆ. ಹುರಳಿಯೇನೂ ಇಲ್ಲಿ ದುರ್ಲಭವಲ್ಲ, ಅಂಗಡಿಯಲ್ಲಿ ‘ಕುಳೀಥ’ ಎಂದು ಕೇಳಿದರಾಯಿತು.

ನಿಮ್ಮಲ್ಲಿ ಸದಾ ದಣಿವುಳ್ಳವರು ಮನೆಯ ಹಿರಿಯರಿಗೆ ತಿಳಿಸಿ, ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ. ಕಬ್ಬಿಣದ ಮಾತ್ರೆಗಳನ್ನು ಮಾತ್ರ ಸ್ವಂತ ಬುದ್ಧಿಯಿಂದ ನುಂಗಬೇಡಿರಿ.