ಹಿಮದಲ್ಲಿ ಓಡುವವರನ್ನು ಕಂಡು ನಗುವವರಿಗೆ

ಡಿಸೆಂಬರ್ ತಿಂಗಳು ಬಂತೆಂದರೆ ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರೋ ಇಬ್ಬರೋ ಪತ್ರ ಬರೆಯುವುದುಂಟು. "ಮೇಷ್ಟ್ರೇ, ಬರುವ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಓಡಲಿದ್ದೇನೆ, ಮಕ್ಕಳ ಆಸ್ಪತ್ರೆಯೊಂದಕ್ಕೆ ಹಣ ಕೂಡಿಸುತ್ತಿದ್ದೇನೆ, ತಮ್ಮ ಆಶೀರ್ವಾದವಿರಲಿ" ಎಂಬುದು ಆ ಪತ್ರಗಳ ಸಾರ. ಅದೇ ಪತ್ರ ಅವರ ಬಂಧುಗಳಿಗೂ ತಲುಪಿರುತ್ತದೆ. ಬಳಿಕ ಮದುವೆಯ ಪಂಕ್ತಿಯಲ್ಲೋ ನಾಮಕರಣದ ಮನೆಯಲ್ಲೋ ಆ ಮಕ್ಕಳ ಚಿಕ್ಕಪ್ಪಂದಿರು, ಸೋದರಮಾವಂದಿರು ನನ್ನ ಪಕ್ಕದಲ್ಲಿ ಕುಳಿತು ಆಡುವ ಮಾತುಗಳೂ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಅವು ಮೂರು. ಕೊಡುವುದಾದರೆ ಸುಮ್ಮನೆ ಕೊಡಬಾರದೇ, ಓಡುವುದೇಕೆ? ಓಡುವುದೇ ಆದರೆ ಬೇಸಿಗೆಯಲ್ಲಿ ಓಡಬಾರದೇ, ಹಿಮದಲ್ಲಿ ಬಿದ್ದು ಕಾಲು ಮುರಿದುಕೊಳ್ಳುವುದೇಕೆ? ಕೊನೆಯದಾಗಿ, ಇದೆಲ್ಲ ಕೊರಳಿಗೆ ಪದಕ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವ ಶೋಕಿಯಲ್ಲವೇ?

ಈ ಮೂರು ಮಾತುಗಳಿಗೂ ಉತ್ತರ ಹೇಳಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ. ಆಡುವವರು ನನ್ನ ಬಂಧುಗಳು, ಆಡಿಸಿಕೊಳ್ಳುವವರು ನನ್ನ ವಿದ್ಯಾರ್ಥಿಗಳು. ಈ ವಿಷಯದಲ್ಲಿ ನಾನು ವಿದ್ಯಾರ್ಥಿಗಳ ಪಕ್ಷ. ಆದರೆ ನನ್ನ ತಕರಾರು ಬಂಧುಗಳ ಮೇಲೆ ಮಾತ್ರವಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಮೊದಲನೆಯ ಆಕ್ಷೇಪವನ್ನು ನೋಡೋಣ. ಕೊಡುವುದಾದರೆ ಸುಮ್ಮನೆ ಕೊಡಬೇಕು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹೇಳುವ ಹಿರಿಯರೇ, ನಿಮ್ಮ ಬಾಲ್ಯದ ಶ್ರಾವಣ ಶನಿವಾರಗಳನ್ನು ಒಮ್ಮೆ ನೆನೆಯಿರಿ. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ತಿರುಪತಿ ಒಕ್ಕಲಿನ ಮನೆಗಳ ಹುಡುಗರು ಮಿಂದು ಮಡಿಯುಟ್ಟು, ಹಣೆಗೆ ನಾಮವಿಟ್ಟು, ಕೈಯಲ್ಲಿ ಚೊಂಬು ಹಿಡಿದು "ಗೋವಿಂದ" ಎನ್ನುತ್ತಾ ಮನೆಮನೆಗೆ ಹೋಗಿ ಅಕ್ಕಿ ಬೇಡುತ್ತಿರಲಿಲ್ಲವೇ? ಕಣಜದಲ್ಲಿ ವರ್ಷಕ್ಕಾಗುವಷ್ಟು ಧಾನ್ಯವಿದ್ದವರ ಮನೆಯ ಮಗನೂ ಅಂದು ಭಿಕ್ಷೆಗೆ ಹೊರಡುತ್ತಿದ್ದ. "ನಿಮ್ಮ ಮನೆಯಲ್ಲೇ ಅಕ್ಕಿ ಇರುವಾಗ ಬೇಡುವುದೇಕೆ?" ಎಂದು ಯಾವ ಗೃಹಿಣಿಯೂ ಅವನನ್ನು ಕೇಳಲಿಲ್ಲ. ಬೇಡುವುದರಿಂದ ಬೇಡುವವನ ಅಹಂಕಾರ ಕರಗುತ್ತದೆ, ನೀಡುವುದರಿಂದ ನೀಡುವವಳಿಗೂ ಆ ಹರಕೆಯಲ್ಲಿ ಒಂದು ಪಾಲು ದೊರೆಯುತ್ತದೆ ಎಂಬುದು ಆಕೆಗೆ ಯಾರೂ ಬೋಧಿಸದೆಯೇ ತಿಳಿದಿತ್ತು. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ, ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಇಂದಿಗೂ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಬಸ್ಸು ಇರುವಾಗ ನಡೆಯುವುದೇಕೆ ಎಂದು ಅವರನ್ನು ನೀವು ಕೇಳುವುದಿಲ್ಲ, ದಾರಿಯಲ್ಲಿ ನಿಂತು ಪಾನಕ ಕೊಡುತ್ತೀರಿ. ಹಾಗಿದ್ದ ಮೇಲೆ, ದೇಹವನ್ನು ದಂಡಿಸಿ, ನಾಲ್ಕು ಜನರ ಮುಂದೆ ಕೈಯೊಡ್ಡಿ, ಬಂದದ್ದನ್ನು ಕಾಯಿಲೆಯ ಮಕ್ಕಳಿಗೆ ಅರ್ಪಿಸುವ ಹುಡುಗಿಯೊಬ್ಬಳು ನಿಮ್ಮ ಕಣ್ಣಿಗೆ ವಿಚಿತ್ರವಾಗಿ ಕಾಣುವುದೇಕೆ? ಅವಳು ಸೀರೆಯ ಬದಲು ಓಟದ ಬಟ್ಟೆ ತೊಟ್ಟಿದ್ದಾಳೆ ಎಂಬುದಕ್ಕಾಗಿಯೇ?

"ಸುಮ್ಮನೆ ಕೊಡಬಹುದಲ್ಲ" ಎನ್ನುವವರಲ್ಲಿ ಎಷ್ಟು ಮಂದಿ ಸುಮ್ಮನೆ ಕೊಟ್ಟಿದ್ದಾರೆ ಎಂಬ ಪ್ರಶ್ನೆಯೂ ಇದೆ. ಮನುಷ್ಯ ಸ್ವಭಾವವೇ ಹಾಗೆ. ಯಾರಾದರೂ ಬಂದು ಬಾಗಿಲು ತಟ್ಟುವವರೆಗೆ ಜೇಬಿಗೆ ಕೈ ಹೋಗುವುದಿಲ್ಲ. ಓಡುವವಳು ಮಾಡುವ ಕೆಲಸ ಬಾಗಿಲು ತಟ್ಟುವುದು. ತಟ್ಟುವ ಮುನ್ನ ಅವಳು ತನ್ನ ಪಾಲಿನ ಬೆವರನ್ನು ಸುರಿಸಿ ಬಂದಿರುತ್ತಾಳೆ.

ಇನ್ನು ಎರಡನೆಯ ಆಕ್ಷೇಪ. ಬಾಸ್ಟನ್ ಮ್ಯಾರಥಾನ್ ನಡೆಯುವುದು ಏಪ್ರಿಲ್ ತಿಂಗಳ ಮೂರನೆಯ ಸೋಮವಾರ, ಆ ರಾಜ್ಯದವರು ದೇಶಭಕ್ತರ ದಿನವೆಂದು ಆಚರಿಸುವ ರಜೆಯಂದು. 1897ರಿಂದ ನಡೆದುಬಂದಿರುವ ಓಟವಿದು. ಹಾಪ್ಕಿಂಟನ್ ಎಂಬ ಊರಿನಲ್ಲಿ ಹೊರಟು ಬಾಸ್ಟನ್ ನಗರದ ನಡುವೆ ಮುಗಿಯುವ 42.195 ಕಿಲೋಮೀಟರ್ ದಾರಿ. ಇದಕ್ಕೆ ಸಿದ್ಧರಾಗಲು ಸಾಧಾರಣ ಓಟಗಾರರಿಗೆ ಹದಿನಾರರಿಂದ ಹದಿನೆಂಟು ವಾರಗಳು ಬೇಕು. ಏಪ್ರಿಲ್‌ನಿಂದ ಹಿಂದಕ್ಕೆ ಎಣಿಸಿರಿ, ಡಿಸೆಂಬರಿಗೆ ಬಂದು ನಿಲ್ಲುತ್ತೀರಿ. ಅಂದರೆ ಆ ಪ್ರಾಂತ್ಯದ ಇಡೀ ಚಳಿಗಾಲವೇ ಅಭ್ಯಾಸದ ಕಾಲ. ಹಿಮವನ್ನು ಅವರು ಬಯಸಿ ಆರಿಸಿಕೊಂಡದ್ದಲ್ಲ, ಪಂಚಾಂಗವೇ ಅದನ್ನು ಅವರ ತಲೆಗೆ ಕಟ್ಟಿದೆ.

ಆ ಚಳಿಗಾಲವೆಂದರೆ ಏನೆಂದು ನಾನು ಬಲ್ಲೆ. 2015ರಲ್ಲಿ ಮಗಳ ಮನೆಯಲ್ಲಿದ್ದೆ. ಆ ವರ್ಷ ಬಾಸ್ಟನ್ನಿನಲ್ಲಿ ಒಟ್ಟು ಸುರಿದ ಹಿಮ 108 ಅಂಗುಲಗಳನ್ನು ಮೀರಿ, 1995-96ರ ಹಳೆಯ ದಾಖಲೆಯನ್ನು ಮುರಿಯಿತು. ಲೆಕ್ಕ ಹಾಕಿದರೆ ಒಂಬತ್ತು ಅಡಿ. ಫೆಬ್ರವರಿಯಲ್ಲಿ ನಗರದ ರೈಲುಗಳೇ ನಿಂತುಹೋದವು. ನಗರಾಡಳಿತ ಲಾರಿಗಳಲ್ಲಿ ಹೊತ್ತು ತಂದು ರಾಶಿ ಹಾಕಿದ ಹಿಮದ ಗುಡ್ಡವೊಂದು ಪೂರ್ತಿ ಕರಗಿದ್ದು ಜುಲೈ ತಿಂಗಳಲ್ಲಿ! ಯಂತ್ರಗಳು ಹಿಮವನ್ನು ತಳ್ಳಿ ಎರಡೂ ಬದಿಗೆ ಗೋಡೆ ಕಟ್ಟಿದ ಮೇಲೆ ಎರಡು ಕಾರು ಹೋಗುವ ರಸ್ತೆಯಲ್ಲಿ ಒಂದೂವರೆ ಕಾರಿನ ಜಾಗ ಉಳಿಯುತ್ತದೆ. ಕಾಲುದಾರಿ ಗೋಡೆಯ ಅಡಿಯಲ್ಲಿ ಹೂತಿರುತ್ತದೆ. ಹಗಲು ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿ, ಒದ್ದೆ ರಸ್ತೆಯಂತೆಯೇ ಕಾಣುವ ತೆಳು ಮಂಜುಗಡ್ಡೆಯಾಗುತ್ತದೆ. ಅದು ಕಣ್ಣಿಗೆ ಬೀಳುವುದಿಲ್ಲ, ಕಾಲಿಗೆ ಮಾತ್ರ ಸಿಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಕ್ಕೆ ಸೂರ್ಯಾಸ್ತ, ಜನವರಿಯಲ್ಲಿ ಸೂರ್ಯೋದಯ ಏಳು ಗಂಟೆಯ ಮೇಲೆ. ಉದ್ಯೋಗದಲ್ಲಿರುವವರು ಓಡುವುದು ಕತ್ತಲಿನಲ್ಲೇ.

ಆ ಕತ್ತಲಿನಲ್ಲಿ ಅವರು ಹೇಗೆ ಓಡುತ್ತಾರೆಂಬುದನ್ನೂ ತಿಳಿಯಿರಿ. ಹತ್ತಿಯ ಬಟ್ಟೆ ಬೆವರು ಹೀರಿ ಮೈಗಂಟಿ ತಣ್ಣಗಾಗುವುದರಿಂದ ಅದನ್ನು ತೊಡುವಂತಿಲ್ಲ. ಮೈಗೆ ತಾಗುವ ಪದರ ಉಣ್ಣೆಯದೋ ಕೃತಕ ನೂಲಿನದೋ ಆಗಿರಬೇಕು. ಅದರ ಮೇಲೊಂದು ಬೆಚ್ಚನೆಯ ಪದರ, ಅದರ ಮೇಲೆ ಗಾಳಿ ತಡೆಯುವ ಅಂಗಿ. ತಲೆಗೆ ಟೋಪಿ, ಹಣೆಗೆ ದೀಪ, ವಾಹನದವರಿಗೆ ಕಾಣುವಂತೆ ಹೊಳೆಯುವ ಪಟ್ಟಿ, ಬೂಟಿನ ಅಡಿಗೆ ಸಣ್ಣ ಮೊಳೆಗಳ ಜಾಲರಿ. ಸೀಸೆಯ ನೀರು ದಾರಿಯಲ್ಲೇ ಗಡ್ಡೆಯಾಗುವುದುಂಟು. ಒಳಾಂಗಣದ ಟ್ರೆಡ್‌ಮಿಲ್ ಯಂತ್ರದ ಮೇಲೆ ಓಡಬಹುದು, ಬಿರುಗಾಳಿಯ ದಿನ ಅದೇ ವಿವೇಕವೂ ಹೌದು. ಆದರೆ ಈ ಓಟದ ದಾರಿಯಲ್ಲಿ ನ್ಯೂಟನ್ ಎಂಬ ಊರಿನ ಏರುಗಳಿವೆ. ಕೊನೆಯ ಏರು ಸುಮಾರು 32 ಕಿಲೋಮೀಟರ್ ಓಡಿ ಬಸವಳಿದ ಮೇಲೆ ಎದುರಾಗುತ್ತದೆ. ಅದನ್ನು ಎದೆಯೊಡೆಯುವ ದಿಬ್ಬ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಆ ಏರಿನ ಬಳಿಕ ಬರುವ ಇಳಿಜಾರಿನಲ್ಲಿ ತೊಡೆಗೆ ಬೀಳುವ ಪೆಟ್ಟನ್ನು ಯಂತ್ರ ಕಲಿಸಲಾರದು. ಆದ್ದರಿಂದಲೇ ಶನಿವಾರದ ಬೆಳಗುಗಳಲ್ಲಿ ಧರ್ಮಾರ್ಥ ಓಟಗಾರರ ತಂಡಗಳು ಕಾಮನ್‌ವೆಲ್ತ್ ಅವೆನ್ಯೂದ ಪಕ್ಕದ ಕಿರುರಸ್ತೆಯಲ್ಲಿ ಸಾಲುಸಾಲಾಗಿ ಓಡುವುದು. ದಾರಿಬದಿಯಲ್ಲಿ ಮೇಜು ಹಾಕಿ ನೀರು ಕೊಡುವ ಸ್ವಯಂಸೇವಕರನ್ನು ಕಂಡಾಗ ನನಗೆ ನೆನಪಾದದ್ದು ಧರ್ಮಸ್ಥಳದ ದಾರಿಯ ಅರವಟ್ಟಿಗೆಗಳೇ.

ಪ್ರಸಿದ್ಧರ ಪೈಕಿ ಒಬ್ಬರ ಮಾತನ್ನು ಇಲ್ಲಿ ಹೇಳಲೇಬೇಕು. ಜಪಾನಿನ ಯೂಕಿ ಕವಾವುಚಿ ಆಗ ಸೈತಾಮಾ ಪ್ರಾಂತ್ಯದ ಪ್ರೌಢಶಾಲೆಯೊಂದರ ಕಚೇರಿ ನೌಕರ. 2018ರ ಜನವರಿ ಒಂದರಂದು ಬಾಸ್ಟನ್ನಿಗೆ ಸಮೀಪದ ಮಾರ್ಷ್‌ಫೀಲ್ಡ್‌ನಲ್ಲಿ, ಶೂನ್ಯಕ್ಕಿಂತ ಸುಮಾರು 17 ಡಿಗ್ರಿ ಕೆಳಗಿನ ಚಳಿಯಲ್ಲಿ, ಆತ ಒಂದು ಪೂರ್ಣ ಮ್ಯಾರಥಾನನ್ನು 2 ಗಂಟೆ 18 ನಿಮಿಷಗಳ ಚಿಲ್ಲರೆಯಲ್ಲಿ ಓಡಿ ಮುಗಿಸಿದ. ಅದೇ ಏಪ್ರಿಲ್‌ನ ಬಾಸ್ಟನ್ ಓಟದಂದು ಕೊರೆಯುವ ಮಳೆ, ಎದುರುಗಾಳಿ. ಹೆಸರಾಂತರು ಹಲವರು ನಡುದಾರಿಯಲ್ಲೇ ನಿಂತರು. ಗೆದ್ದವನು ಈ ಶಾಲಾ ಗುಮಾಸ್ತ. ಚಳಿಗಾಲ ಅವನಿಗೆ ಅಡ್ಡಿಯಾಗಲಿಲ್ಲ, ಪಾಠಶಾಲೆಯಾಯಿತು.

ಮೂರನೆಯ ಆಕ್ಷೇಪಕ್ಕೆ ಇಷ್ಟರಲ್ಲೇ ಉತ್ತರ ಸಿಕ್ಕಿತೆಂದು ಭಾವಿಸುತ್ತೇನೆ. ಶೋಕಿಗೆ ನೋಡುವವರು ಬೇಕು. ಜನವರಿಯ ಬೆಳಗಿನ ಐದು ಗಂಟೆಯ ಕತ್ತಲಿನಲ್ಲಿ, ಹಿಮದ ಗೋಡೆಗಳ ನಡುವೆ, ಉಸಿರು ಹುಬ್ಬಿನ ಮೇಲೆ ಹೆಪ್ಪುಗಟ್ಟುವಾಗ ನೋಡುವವರು ಯಾರು? ನೀವು ಫೋಟೋದಲ್ಲಿ ಕಾಣುವುದು ಒಂದು ದಿನದ ಕೆಲವು ತಾಸುಗಳನ್ನು. ಕಾಣದೆ ಹೋಗುವುದು ನಾಲ್ಕು ತಿಂಗಳನ್ನು. ಪರೀಕ್ಷೆಯ ಫಲಿತಾಂಶದ ದಿನ ಸಿಹಿ ಹಂಚುವ ಹುಡುಗನನ್ನು ಶೋಕಿಲಾಲ ಎನ್ನುವವರು, ಅವನು ಬೀದಿದೀಪದ ಕೆಳಗೆ ಓದಿದ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿಯದವರು.

ಇಷ್ಟು ಹೇಳಿದ ಮೇಲೆ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಅದು ಓಡುವವರ ಮೇಲಲ್ಲ, ಓಡಿಸುವವರ ಮೇಲೆ.

ಬಾಸ್ಟನ್ ಓಟಕ್ಕೆ ಬಯಸಿದವರೆಲ್ಲ ಹೋಗಿ ನಿಲ್ಲುವಂತಿಲ್ಲ. ವಯಸ್ಸಿಗೆ ತಕ್ಕಂತೆ ಗೊತ್ತುಪಡಿಸಿದ ಸಮಯದೊಳಗೆ ಬೇರೊಂದು ಮ್ಯಾರಥಾನ್ ಮುಗಿಸಿ ಅರ್ಹತೆ ಪಡೆಯಬೇಕು. ಅಷ್ಟು ವೇಗವಿಲ್ಲದವರಿಗೆ ಮುಖ್ಯ ದಾರಿ ಧರ್ಮಾರ್ಥ ಸಂಸ್ಥೆಗಳ ಮೂಲಕ ಬರುವುದು. 1989ರಲ್ಲಿ ಆರಂಭವಾದ ಈ ಏರ್ಪಾಡಿನಿಂದ ಆಸ್ಪತ್ರೆಗಳಿಗೆ, ಸಂಶೋಧನೆಗೆ, ನಿರಾಶ್ರಿತರಿಗೆ ಅಪಾರ ಹಣ ಹರಿದಿದೆ. ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಒಂದೊಂದು ಸ್ಥಾನಕ್ಕೂ ಇಷ್ಟು ಹಣ ತರಲೇಬೇಕೆಂಬ ಕಟ್ಟಳೆ ಇದೆ. 5,000 ಡಾಲರ್ ಎಂದಿದ್ದ ಮಾತು ಈಗ ಅನೇಕ ಸಂಸ್ಥೆಗಳಲ್ಲಿ ಅದರ ಎರಡು ಪಟ್ಟನ್ನೂ ಮೀರಿದೆ. ಸಾಮಾನ್ಯವಾಗಿ ಓಟಗಾರನ ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಮೊದಲೇ ಬರೆಸಿಕೊಂಡು, ಗಡುವಿನೊಳಗೆ ಮೊತ್ತ ತುಂಬದಿದ್ದರೆ ಉಳಿದದ್ದನ್ನು ಅದರಿಂದಲೇ ವಸೂಲು ಮಾಡುತ್ತಾರೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಸಾಧಾರಣ ಸಂಬಳದ ದಾದಿ, ಹೀಗೆ ಒಂದು ಸಂಸ್ಥೆಯ ಪರವಾಗಿ ಹೆಸರು ಕೊಟ್ಟಳು. ಮಾರ್ಚ್ ತಿಂಗಳಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಪಾದದ ಗಂಟು ಉಳುಕಿತು. ಓಡಲಾಗಲಿಲ್ಲ. ಆದರೂ ಕರಾರು ಕರಾರೇ. ಕೊರತೆಯಾದ ಮೊತ್ತ ಅವಳ ಉಳಿತಾಯದಿಂದ ಹೋಯಿತು. "ಒಳ್ಳೆಯ ಕೆಲಸಕ್ಕೆ ಹೋಯಿತು ಬಿಡಿ ಮೇಷ್ಟ್ರೇ" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ದೊಡ್ಡ ಕಂಪನಿಯಲ್ಲಿರುವವನಿಗೆ ನೂರು ಸಹೋದ್ಯೋಗಿಗಳು ನೂರು ನೂರು ಡಾಲರ್ ಹಾಕಿದರೆ ಹತ್ತು ಸಾವಿರ. ಈ ದಾದಿಗೆ ಅಂಥ ಸ್ನೇಹಿತರೆಲ್ಲಿಂದ ಬರಬೇಕು? ರೋಗಿಗಳ ಹಾಸಿಗೆಯ ಬಳಿ ರಾತ್ರಿಯಿಡೀ ನಿಂತವಳಿಗಿಂತ, ಸಿರಿವಂತರ ಪರಿಚಯವುಳ್ಳವನು ಸೇವೆಗೆ ಹೆಚ್ಚು ಅರ್ಹನೆಂದು ಈ ದರಪಟ್ಟಿ ಹೇಳುತ್ತದೆ. ಹರಕೆಗೆ ದರ ಕಟ್ಟಿದ ದಿನವೇ ಅದು ಟಿಕೆಟ್ ಆಗುತ್ತದೆ.

"ಸ್ಥಾನಗಳು ಕಡಿಮೆ, ಕೇಳುವವರು ಹೆಚ್ಚು, ಬೇರೇನು ಮಾಡುವುದು?" ಎಂದು ವ್ಯವಸ್ಥಾಪಕರು ಕೇಳಬಹುದು. ಬೇರೆ ದಾರಿಯೊಂದನ್ನು ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ತೋರಿಸಿ ಹೋಗಿದ್ದಾನೆ. ಕೆನಡಾದ ಟೆರ್ರಿ ಫಾಕ್ಸ್ 1977ರಲ್ಲಿ ಮೂಳೆಯ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡ. ಕೃತಕ ಕಾಲು ಕಟ್ಟಿಕೊಂಡು ಒಂದು ವರ್ಷಕ್ಕೂ ಮೇಲ್ಪಟ್ಟು ಅಭ್ಯಾಸ ಮಾಡಿದ. ಕ್ರಿಸ್ಮಸ್ ದಿನವೊಂದು ಬಿಡುವು, ಅದೂ ತಾಯಿ ಕೇಳಿಕೊಂಡದ್ದಕ್ಕೆ. 1980ರ ಏಪ್ರಿಲ್ 12ರಂದು ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ನಿಂದ ಹೊರಟು, ಮೊದಲ ದಿನಗಳಲ್ಲೇ ಹಿಮ, ಬಿರುಗಾಳಿಗಳನ್ನು ಎದುರಿಸಿ, ದಿನಕ್ಕೆ ಸುಮಾರು ಒಂದು ಮ್ಯಾರಥಾನಿನಷ್ಟು ದೂರವನ್ನು 143 ದಿನ ಓಡಿದ. 5,373 ಕಿಲೋಮೀಟರ್ ಮುಗಿಸಿದಾಗ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 1981ರ ಜೂನ್ 28ರಂದು ತೀರಿಕೊಂಡ. ಅವನು ಕೇಳಿದ್ದು ಎಷ್ಟು ಗೊತ್ತೇ? ದೇಶದ ಒಬ್ಬೊಬ್ಬರಿಂದ ಒಂದೊಂದು ಡಾಲರ್. 1981ರ ಫೆಬ್ರವರಿಯ ಹೊತ್ತಿಗೆ 2 ಕೋಟಿ 40 ಲಕ್ಷ ಡಾಲರುಗಳಿಗೂ ಮೀರಿ ಕೂಡಿತ್ತು. ಅದು ಆಗಿನ ಕೆನಡಾದ ಜನಸಂಖ್ಯೆಯಷ್ಟೇ ಮೊತ್ತ. ಬದುಕಿದ್ದು ಆ ಸುದ್ದಿಯನ್ನು ಅವನು ಕೇಳಿದ. ಅವನ ಹೆಸರಿನಲ್ಲಿ ಅದೇ ಸೆಪ್ಟೆಂಬರಿನಿಂದ ವರ್ಷವರ್ಷವೂ ನಡೆಯುತ್ತಿರುವ ಓಟದಲ್ಲಿ ಸ್ಪರ್ಧೆಯಿಲ್ಲ, ಇಷ್ಟೇ ತರಬೇಕೆಂಬ ಕಟ್ಟಳೆಯೂ ಇಲ್ಲ. ಆದರೂ ಇದುವರೆಗೆ 80 ಕೋಟಿ ಡಾಲರುಗಳಿಗೂ ಹೆಚ್ಚು ಹಣ ಕ್ಯಾನ್ಸರ್ ಸಂಶೋಧನೆಗೆ ಸಂದಿದೆ. ದರಪಟ್ಟಿಯಿಲ್ಲದೆ ಧರ್ಮ ನಡೆಯದು ಎನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಲಿ.

ಕಡೆಯದಾಗಿ ಓಡುವ ನನ್ನ ಮಕ್ಕಳಿಗೆ ಎರಡು ಮಾತು. ನೀವು ಯಾರ ಪರವಾಗಿ ಓಡುತ್ತೀರೋ ಆ ಸಂಸ್ಥೆಯ ಲೆಕ್ಕಪತ್ರವನ್ನು ಮೊದಲು ಓದಿರಿ. ಅಮೆರಿಕದ ಬಹುಪಾಲು ಧರ್ಮಾರ್ಥ ಸಂಸ್ಥೆಗಳು ತೆರಿಗೆ ಇಲಾಖೆಗೆ ವರ್ಷವರ್ಷವೂ ಸಲ್ಲಿಸುವ 990ನೆಯ ನಮೂನೆಯನ್ನು ಯಾರು ಬೇಕಾದರೂ ನೋಡಬಹುದು. ಚಾಚಿದ ನಿಮ್ಮ ಕೈಗೆ ಬಿದ್ದ ಕಾಸು ಎಲ್ಲಿ ಹೋಯಿತೆಂದು ಹೇಳುವ ಹೊಣೆ ನಿಮ್ಮದು. ಎರಡನೆಯದು, ಮಂಜುಗಡ್ಡೆ ಕಟ್ಟಿದ ದಿನ ಮನೆಯಲ್ಲಿರಿ. ವ್ರತವೆಂದರೆ ಹಟವಲ್ಲ, ಕ್ರಿಸ್ಮಸ್ ದಿನ ತಾಯಿಯ ಮಾತು ಕೇಳಿದ ಹುಡುಗನೂ ಐದು ಸಾವಿರ ಕಿಲೋಮೀಟರ್ ಓಡಿದ.

ಬಂಧುಗಳಿಗೆ ಒಂದೇ ಮಾತು. ಮುಂದಿನ ಡಿಸೆಂಬರಿನಲ್ಲಿ ಆ ಪತ್ರ ಬಂದಾಗ ನೂರು ರೂಪಾಯಿಯಾದರೂ ಕಳುಹಿಸಿ, ಇಲ್ಲವೇ "ಹುಷಾರಾಗಿ ಓಡು ಮಗಳೇ" ಎಂದಾದರೂ ಬರೆಯಿರಿ. ಎರಡೂ ಆಗದಿದ್ದರೆ ಪಂಕ್ತಿಯಲ್ಲಿ ಕುಳಿತಾಗ ಊಟ ಮಾಡಿ, ಮಾತು ಬೇಡ.

— ನಿಮ್ಮ ಮೇಷ್ಟ್ರು