ಹಳೆಯ ಮದ್ರಾಸು ರಸ್ತೆಯ ವರ್ತಕನೂ ಹೊಸ ಮಾಧ್ಯಮವೂ

ಬೆಂಗಳೂರಿನ ಕೃಷ್ಣರಾಜಪುರದ ತೂಗುಸೇತುವೆಯನ್ನು ದಾಟಿ ಹಳೆಯ ಮದ್ರಾಸು ರಸ್ತೆಯಲ್ಲಿ ಹೊಸಕೋಟೆಯ ದಿಕ್ಕಿಗೆ ನಡೆದರೆ, ಬಟ್ಟೆ, ಪಾತ್ರೆ, ಕಬ್ಬಿಣ, ಬಣ್ಣ, ಔಷಧ, ಸಿಹಿತಿಂಡಿ ಎಂದು ಸಂಸಾರಕ್ಕೆ ಬೇಕಾದುದೆಲ್ಲವನ್ನೂ ಒದಗಿಸುವ ಅಂಗಡಿಗಳು ದಾರಿಯ ಎರಡು ಪಕ್ಕದಲ್ಲಿಯೂ ಕಾಣಸಿಗುತ್ತವೆ. ಇವುಗಳಲ್ಲಿ ಬಹುಪಾಲು ದೊಡ್ಡ ಬಂಡವಾಳದವಲ್ಲ. ತಂದೆಯಿಂದ ಮಗನಿಗೆ ಬಂದವು, ಇಲ್ಲವೆ ಕೋಲಾರ, ಮಾಲೂರು, ಚಿಂತಾಮಣಿಗಳ ಕಡೆಯಿಂದ ಬಂದು ನೆಲೆನಿಂತ ಕುಟುಂಬಗಳು ಸಾಲಸೋಲ ಮಾಡಿ ತೆರೆದವು. ಇಂಥ ವರ್ತಕನು ಸಾಮಾಜಿಕ ಜಾಲತಾಣಗಳನ್ನು ತನ್ನ ವ್ಯಾಪಾರದ ಪ್ರಚಾರಕ್ಕೆ ಯಾವಾಗ ಬಳಸಿಕೊಳ್ಳತಕ್ಕದ್ದು ಎಂಬ ಪ್ರಶ್ನೆಗೆ, ಮಾಧ್ಯಮವು ಹೊಸದಾಗಿರುವಾಗಲೇ, ಜನಸಂದಣಿ ನೆರೆಯುವುದಕ್ಕೆ ಮುನ್ನವೇ ಅದನ್ನು ಪ್ರವೇಶಿಸಬೇಕು, ಮತ್ತು ಅದು ಪರರ ಜಾಗವೆಂಬ ಅರಿವಿನಿಂದ ಅಲ್ಲಿ ಗಳಿಸಿದ ಪರಿಚಯವನ್ನು ಮೊದಲ ದಿನದಿಂದಲೇ ತನ್ನ ಲೆಕ್ಕದ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿರಬೇಕು ಎಂಬುದು ನನ್ನ ಉತ್ತರ.

ಇದನ್ನು ಕೇಳಿದ ಹಿರಿಯ ವರ್ತಕರು ಹೇಳುವ ಮಾತೊಂದುಂಟು: ಸರಕು ಚೆನ್ನಾಗಿದ್ದರೆ ಗಿರಾಕಿ ತಾನಾಗಿ ಬರುತ್ತಾನೆ, ಡಂಗುರದ ಅಗತ್ಯವಿಲ್ಲ. ಈ ಮಾತಿನಲ್ಲಿರುವ ಆತ್ಮಗೌರವವನ್ನು ನಾನು ಗೌರವಿಸುತ್ತೇನೆ. ಬಸವನಗುಡಿಯ ಗಾಂಧಿಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆಯ ಕೀರ್ತಿ ಬಾಯಿಂದ ಬಾಯಿಗೆ ಹಬ್ಬಿದುದನ್ನು ಯಾರು ತಾನೆ ಅಲ್ಲಗಳೆಯಬಲ್ಲರು? ಆದರೆ ಬಾಯಿಮಾತು ಹಬ್ಬಬೇಕಾದರೆ ಅದನ್ನು ಹೇಳುವ ಬಾಯಿಯೂ ಕೇಳುವ ಕಿವಿಯೂ ಒಂದೇ ನೆರೆಯಲ್ಲಿ ಬಹುಕಾಲ ಉಳಿದಿರಬೇಕು. ಗಾಂಧಿಬಜಾರಿನ ಸುತ್ತ ಮೂರು ತಲೆಮಾರಿನಿಂದ ನೆಲೆಸಿದ ಮನೆಗಳಿದ್ದವು. ನಮ್ಮ ರಾಮಮೂರ್ತಿನಗರ, ದೇವಸಂದ್ರ, ಹೂಡಿ, ಮಹದೇವಪುರಗಳ ಸ್ಥಿತಿಯು ಹಾಗಿಲ್ಲ. ವೈಟ್‌ಫೀಲ್ಡಿನ ತಂತ್ರಜ್ಞಾನ ಸಂಸ್ಥೆಗಳ ಉದ್ಯೋಗವನ್ನು ನಂಬಿ ಬಂದ ಬಾಡಿಗೆದಾರರು ವರ್ಷ ತುಂಬುವಷ್ಟರಲ್ಲಿ ಮನೆ ಬದಲಿಸುತ್ತಾರೆ. ಈ ವರ್ಷ ಅಂಗಡಿಯ ಗುಣವನ್ನು ಬಲ್ಲವನು ಮುಂದಿನ ವರ್ಷ ಸರ್ಜಾಪುರದಲ್ಲಿಯೋ ಹೈದರಾಬಾದಿನಲ್ಲಿಯೋ ಇರುತ್ತಾನೆ, ಅವನು ತೆರವು ಮಾಡಿದ ಮನೆಗೆ ಬಂದವನಿಗೆ ಪಕ್ಕದ ಬೀದಿಯ ಹೆಸರೂ ತಿಳಿದಿರುವುದಿಲ್ಲ. ಅದರ ಮೇಲೆ, 2023ರ ಮಾರ್ಚಿನಲ್ಲಿ ಕೃಷ್ಣರಾಜಪುರದಿಂದ ಕಾಡುಗೋಡಿಯವರೆಗೂ, ಅದೇ ವರ್ಷದ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯವರೆಗೂ ಮೆಟ್ರೋ ರೈಲು ಸಂಚಾರ ಆರಂಭವಾದ ತರುವಾಯ, ಟಿನ್ ಫ್ಯಾಕ್ಟರಿಯ ಬಳಿ ಬಸ್ಸು ಬದಲಿಸಲು ಇಳಿದು, ಕಾಯುತ್ತ ನಿಂತು, ಅಂಗಡಿಗಳ ಬೋರ್ಡು ಓದುತ್ತಿದ್ದವರಲ್ಲಿ ಅನೇಕರು ಈಗ ರಸ್ತೆಯ ಮೇಲಿನ ಹಾದಿಯಲ್ಲಿ ಕೈಯಲ್ಲಿನ ಫೋನನ್ನು ನೋಡುತ್ತ ಸಾಗಿಹೋಗುತ್ತಾರೆ. ಬೋರ್ಡು ಇದ್ದಲ್ಲಿಯೇ ಇದೆ, ದೃಷ್ಟಿಯು ಸ್ಥಳಾಂತರ ಹೊಂದಿದೆ. ಹೀಗಿರುವಾಗ ಗಿರಾಕಿ ತಾನಾಗಿ ಬರುವನೆಂದು ಕುಳಿತಿರುವುದು ಈ ಪ್ರದೇಶದಲ್ಲಿ ಕ್ಷೇಮಕರವಲ್ಲ.

ಹೊಸ ಮಾಧ್ಯಮವನ್ನು ಬೇಗನೆ ಕೈಗೆತ್ತಿಕೊಳ್ಳುವುದು ನಮ್ಮ ನಾಡಿಗೆ ಹೊಸ ವಿದ್ಯೆಯೇನಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ಮರವನ್ನು ಯೂರೋಪಿಗೆ ಕಳುಹಿಸುವುದು ದುಸ್ತರವಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಪ್ರಭುತ್ವದಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಮೈಸೂರು ಸಂಸ್ಥಾನವು 1916ರಿಂದ ಗಂಧದೆಣ್ಣೆಯ ತಯಾರಿಕೆಗೂ ಅದರ ಬೆನ್ನಿಗೇ ಸಾಬೂನಿನ ತಯಾರಿಕೆಗೂ ಕೈಹಾಕಿದುದು ಸರ್ವವಿದಿತ. ಇಂಗ್ಲೆಂಡಿಗೆ ಹೋಗಿ ಆ ವಿದ್ಯೆಯನ್ನು ಕಲಿತುಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಸಾಬೂನಿನ ಪರಿಮಳಕ್ಕೆ ಪಟ್ಟ ಶ್ರಮವನ್ನು ನಾವು ನೆನೆಯುತ್ತೇವೆ. ಆದರೆ ಅದನ್ನು ಆಭರಣದ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿಟ್ಟು, ಶರಭದ ಲಾಂಛನವನ್ನೊತ್ತಿ, ಅದರ ಸುದ್ದಿಯನ್ನು ಟ್ರಾಂ ಗಾಡಿಯ ಟಿಕೆಟಿನ ಮೇಲೂ ಬೆಂಕಿಪೊಟ್ಟಣದ ಮೇಲೂ ಅಚ್ಚು ಹಾಕಿಸಿ, ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ತೆಗೆದ ಪ್ರಚಾರಕರ ಜಾಣ್ಮೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ಟ್ರಾಂ ಟಿಕೆಟು ಅಂದು ನಗರವಾಸಿಯ ಅಂಗೈಯಲ್ಲಿ ಪ್ರತಿದಿನ ಬೀಳುತ್ತಿದ್ದ ಕಾಗದ. ಪತ್ರಿಕೆಯನ್ನು ಕೊಳ್ಳದವನೂ ಟಿಕೆಟನ್ನು ಕೊಳ್ಳಲೇಬೇಕಾಗಿತ್ತು. ಸರ್ಕಾರದ ಕಾರ್ಖಾನೆಯೊಂದು, ತನಗೆ ಸ್ಪರ್ಧಿಗಳಾಗಿದ್ದ ವಿಲಾಯಿತಿ ಸಾಬೂನುಗಳ ಎದುರಿನಲ್ಲಿ, ಜನರ ಕೈ ಎಲ್ಲಿದೆಯೋ ಅಲ್ಲಿಗೆ ತನ್ನ ಹೆಸರನ್ನು ಕೊಂಡೊಯ್ದ ರೀತಿಯು ಇಂದಿನ ವರ್ತಕನಿಗೆ ಪಾಠವಾಗತಕ್ಕದ್ದು.

ಇನ್ನೂ ಸಮೀಪದ ನಿದರ್ಶನವು ಕನ್ನಡ ಚಿತ್ರರಂಗದ್ದು. 2011ರ ಸುಮಾರಿನಲ್ಲಿ, ನಿರ್ದೇಶಕ ಪವನ್ ಕುಮಾರರಿಗೆ ತಮ್ಮ ‘ಲೂಸಿಯಾ’ ಕಥೆಗೆ ಹಣ ಹಾಕುವ ನಿರ್ಮಾಪಕರು ದೊರೆಯದಿದ್ದಾಗ, ಅವರು ಉದ್ಯಮದ ಪರಿಸ್ಥಿತಿಯನ್ನು ಕುರಿತು ಜಾಲಪುಟದಲ್ಲಿ ಬಿಚ್ಚುಮನಸ್ಸಿನಿಂದ ಬರೆದು, ಫೇಸ್‌ಬುಕ್ಕಿನ ಮೂಲಕ ಪ್ರೇಕ್ಷಕರಿಗೇ ನೇರವಾಗಿ ಮನವಿ ಮಾಡಿದರು. 27 ದಿನಗಳಲ್ಲಿ 110 ಮಂದಿಯಿಂದ 50 ಲಕ್ಷ ರೂಪಾಯಿಗೂ ಮೀರಿದ ಮೊತ್ತ ಕೂಡಿತು. ಚಿತ್ರವು 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿಯನ್ನು ಪಡೆದು, ಸೆಪ್ಟೆಂಬರಿನಲ್ಲಿ ಇಲ್ಲಿ ತೆರೆಕಂಡಿತು. ಇಲ್ಲಿ ಗಮನಿಸಬೇಕಾದುದು ಹಣದ ಮೊತ್ತಕ್ಕಿಂತಲೂ ಕಾಲದ ವಿಚಾರ. ಆಗಿನ್ನೂ ಕನ್ನಡದ ದೊಡ್ಡ ಬ್ಯಾನರುಗಳು ಗೋಡೆಯ ಪೋಸ್ಟರು, ಪತ್ರಿಕಾಗೋಷ್ಠಿ, ದೂರದರ್ಶನದ ಟ್ರೈಲರುಗಳನ್ನೇ ನೆಚ್ಚಿಕೊಂಡಿದ್ದವು. ಜಾಲತಾಣದಲ್ಲಿ ಕನ್ನಡ ಚಿತ್ರದ ಮಾತನ್ನಾಡುವವರು ವಿರಳವಾಗಿದ್ದುದರಿಂದಲೇ ಆಡಿದ ಒಬ್ಬರ ಮಾತು ದೂರದವರೆಗೆ ಕೇಳಿಸಿತು. ಕೊಟ್ಟ ಪ್ರತಿಯೊಬ್ಬನೂ ಚಿತ್ರದ ಪ್ರಚಾರಕನೂ ಆದನು. ಅದೇ ಮನವಿಯನ್ನು ಇಂದು ಮಾಡಿದರೆ, ನೂರಾರು ಮನವಿಗಳ ನಡುವೆ ಅದು ಎಷ್ಟು ಜನರ ಕಣ್ಣಿಗೆ ಬಿದ್ದೀತು?

ಮೊದಲು ಬಂದವರಿಗೆ ಲಾಭ ದೊರೆಯುವುದರ ಕಾರಣವನ್ನು ವಿವೇಚಿಸಬೇಕು. ಏಕೆಂದರೆ ಕಾರಣ ತಿಳಿಯದೆ ಅನುಕರಿಸಿದವರು ನಷ್ಟ ಹೊಂದುತ್ತಾರೆ. ಹೊಸದಾಗಿ ಸಂತೆ ಕೂಡಿಸುವವನು ಮೊದಲ ಕೆಲವು ವಾರ ಅಂಗಡಿ ಹೂಡುವವರಿಂದ ಸುಂಕ ಎತ್ತುವುದಿಲ್ಲ. ಸರಕಿಲ್ಲದ ಸಂತೆಗೆ ಜನ ಬಾರರೆಂಬುದು ಅವನಿಗೆ ಗೊತ್ತು. ಜಾಲತಾಣಗಳ ಒಡೆಯರ ನೀತಿಯೂ ಇದೇ. ಫೇಸ್‌ಬುಕ್ಕು 2007ರ ನವೆಂಬರಿನಲ್ಲಿ ವ್ಯಾಪಾರಸಂಸ್ಥೆಗಳಿಗೆ ಪುಟಗಳನ್ನು ತೆರೆದುಕೊಟ್ಟ ಕಾಲದಲ್ಲಿ, ಪುಟವನ್ನು ಮೆಚ್ಚಿದವರ ಕಣ್ಣಿಗೆ ಅದರಲ್ಲಿ ಬರೆದುದು ಖರ್ಚಿಲ್ಲದೆ ತಲಪುತ್ತಿತ್ತು. ಪುಟಗಳ ಸಂಖ್ಯೆ ಬೆಳೆದು, ಒಬ್ಬನ ಮುಂದೆ ಬಂದು ನಿಲ್ಲಲು ಸಾವಿರ ವಿಷಯಗಳು ಪೈಪೋಟಿ ಹೂಡಿದಾಗ ಈ ಉಚಿತ ವ್ಯಾಪ್ತಿಯು ಕುಗ್ಗುತ್ತ ಬಂದಿತು. 2014ರ ವೇಳೆಗೆ ಆ ಸಂಸ್ಥೆಯೇ ಇದನ್ನು ಒಪ್ಪಿಕೊಂಡಿತು. ಅಲ್ಲಿಂದ ಮುಂದೆ ಕಾಣಿಸಿಕೊಳ್ಳಬೇಕಾದವನು ಹಣ ತೆರಬೇಕಾಯಿತು. ಆದರೆ ಒಂದು ಬಾಗಿಲು ಇಕ್ಕಟ್ಟಾದಾಗ ಇನ್ನೊಂದು ತೆರೆಯುವುದೂ ಉಂಟು. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕನ್ನು ನಿಷೇಧಿಸಿದ ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ತನ್ನ ರೀಲ್ಸನ್ನು ಇಲ್ಲಿ ಪರಿಚಯಿಸಿತು. ಆ ಹೊಸ ಅಂಗಳಕ್ಕೆ ಮೊದಲು ಇಳಿದವರಿಗೆ ಮತ್ತೆ ಹಳೆಯ ಔದಾರ್ಯವೇ ದೊರೆಯಿತು. ನಮ್ಮ ಪೂರ್ವಭಾಗದಲ್ಲಿಯೇ, ಇಂದಿರಾನಗರದಲ್ಲಿ 2021ರಲ್ಲಿ ಆರಂಭವಾದ ರಾಮೇಶ್ವರಂ ಕೆಫೆಯ ತುಪ್ಪದ ದೋಸೆಯು ಅಲ್ಪಕಾಲದಲ್ಲಿ ಊರೂರಿಗೆ ಹೆಸರಾದುದರಲ್ಲಿ, ಗಿರಾಕಿಗಳೇ ತೆಗೆದು ಹಂಚಿದ ಈ ಕಿರುಚಿತ್ರಗಳ ಪಾಲು ದೊಡ್ಡದೆಂದು ನಾನು ಭಾವಿಸುತ್ತೇನೆ. ಕಾವಲಿಯ ಮುಂದೆ ನಿಂತು ನೋಡಲು ಅವಕಾಶವಿದ್ದ ಅಡುಗೆಮನೆಯೇ ಅಲ್ಲಿ ಜಾಹೀರಾತಾಯಿತು.

ಇಷ್ಟು ಹೇಳಿದ ಮೇಲೆ ಅಪಾಯವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳದಿದ್ದರೆ ಓದುಗರಿಗೆ ಅನ್ಯಾಯವಾಗುತ್ತದೆ. ಆರ್ಕುಟ್ ಎಂಬ ತಾಣ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಟಿಕ್‌ಟಾಕಿನಲ್ಲಿ ವರ್ಷಗಟ್ಟಲೆ ದುಡಿದು ಅಭಿಮಾನಿಗಳನ್ನು ಗಳಿಸಿದ ದರ್ಜಿಗಳು, ಮೇಕಪ್ ಮಾಡುವ ಹೆಣ್ಣುಮಕ್ಕಳು, ಅಡುಗೆಯವರು ಬೆಳಗಾಗುವಷ್ಟರಲ್ಲಿ ಅವರೆಲ್ಲರನ್ನೂ ಕಳೆದುಕೊಂಡರು; ನಿಷೇಧವು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ, ಗಿರಾಕಿಯ ಹೆಸರನ್ನಾಗಲಿ ಫೋನಿನ ಸಂಖ್ಯೆಯನ್ನಾಗಲಿ ಬರೆದಿಟ್ಟುಕೊಳ್ಳದವರಿಗೆ ಮರಳಿ ಕೂಗಿ ಕರೆಯುವ ದಾರಿ ಇರಲಿಲ್ಲವೆಂಬುದು ನಿಶ್ಚಯ. ಆದ್ದರಿಂದ ಮೊದಲು ಪ್ರವೇಶಿಸಿದವನ ನಿಜವಾದ ಸಂಪಾದನೆಯು ಮೆಚ್ಚುಗೆಗಳ ಸಂಖ್ಯೆಯಲ್ಲಿಲ್ಲ, ಆ ಮೆಚ್ಚುಗೆ ಹೊಸದಾಗಿ ಹರಿದುಬರುತ್ತಿರುವಾಗಲೇ ಅವನು ತನ್ನ ಪುಸ್ತಕಕ್ಕೆ ಇಳಿಸಿಕೊಂಡ ಪರಿಚಯಗಳಲ್ಲಿದೆ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಇದಕ್ಕೆ ಸುಲಭ ಸಾಧನ. ಅದೂ ಪರರದೇ ಆದುದರಿಂದ ಕಾಗದದ ಮೇಲೊಂದು ಪ್ರತಿ ಇರಲಿ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಸೇರಿಸುತ್ತೇನೆ: ಗಿರಾಕಿಯ ಸಂಖ್ಯೆಯನ್ನು ಅವನನ್ನು ಕೇಳಿಯೇ ಪಡೆಯಬೇಕು, ಬೇಡವೆಂದರೆ ಅಳಿಸಬೇಕು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತಿರುಳೇ ಸಮ್ಮತಿ. ಕಾಯಿದೆ ಇಲ್ಲದಿದ್ದರೂ ಸಭ್ಯ ವರ್ತಕನು ನಡೆದುಕೊಳ್ಳುವ ರೀತಿ ಅದೇ.

2020ರ ಲಾಕ್‌ಡೌನಿನ ವಾರಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ರೈತರಲ್ಲಿ ಕೆಲವರು ಕೊಳೆಯುತ್ತಿದ್ದ ದ್ರಾಕ್ಷಿ, ಟೊಮೇಟೊಗಳನ್ನು ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ನೇರವಾಗಿ ಮಾರಿದರು. ಸಂಕಟದಲ್ಲಿ ಕಲಿತ ಆ ವಿದ್ಯೆಯಲ್ಲಿ ನಾನು ಹೇಳುವ ಎರಡು ಅಂಶಗಳೂ ಇದ್ದವು: ಯಾರೂ ಇಲ್ಲದಾಗ ಅವರು ಬಂದರು, ಬಂದವರಲ್ಲಿ ಮನೆಮನೆಯ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮುಂದಿನ ಬೆಳೆಗೂ ಕೊಳ್ಳುವವರು ಸಿಕ್ಕಿದರು.

ಈಗ ತಡವಾಯಿತಲ್ಲವೆ ಎಂದು ಯಾರಾದರೂ ಕೇಳಬಹುದು. ಇಂಗ್ಲಿಷಿನಲ್ಲಿ ತಡವಾಗಿರುವುದು ಸತ್ಯ, ಕನ್ನಡದಲ್ಲಿ ತಡವಾಗಿಲ್ಲ. 2024ರ ತಿದ್ದುಪಡಿಯ ಪ್ರಕಾರ ಅಂಗಡಿಯ ನಾಮಫಲಕದಲ್ಲಿ ಶೇಕಡ 60ರಷ್ಟು ಭಾಗ ಕನ್ನಡವಿರಬೇಕು, ಮತ್ತು ಆ ಕಾರಣದಿಂದ ನಮ್ಮ ರಸ್ತೆಯ ಎಷ್ಟೋ ಬೋರ್ಡುಗಳು ಹೊಸ ಬಣ್ಣ ಕಂಡವು. ಆದರೆ ಅದೇ ಅಂಗಡಿಯ ಇನ್‌ಸ್ಟಾಗ್ರಾಂ ಪುಟವನ್ನು ತೆರೆದರೆ ಕನ್ನಡದ ಒಂದು ಪದವೂ ಕಾಣದಿರುವುದು ಸಾಮಾನ್ಯ. ಕನ್ನಡ ಮಾತನಾಡುವ ಗೃಹಿಣಿ, ಗಾರೆ ಮೇಸ್ತ್ರಿ, ಆಟೋ ಚಾಲಕ, ಇವರೆಲ್ಲರ ಕೈಯಲ್ಲಿಯೂ ಫೋನಿದೆ. ಸಾಯಂಕಾಲ ಅವರು ಕನ್ನಡದ ಹಾಸ್ಯವನ್ನೂ ಹಾಡನ್ನೂ ಅದರಲ್ಲಿ ನೋಡುತ್ತಾರೆ. ಆದರೆ ಹತ್ತಿರದ ಅಂಗಡಿಯಲ್ಲಿ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಸಿಗುವುದೆ, ಬೆಲೆಯೇನು, ಭಾನುವಾರ ಬಾಗಿಲು ತೆರೆದಿರುವುದೆ ಎಂಬುದನ್ನು ಅವರ ಮಾತಿನಲ್ಲಿ ತಿಳಿಸುವವರು ವಿರಳ. ಈ ವಿರಳತೆಯೇ ಅವಕಾಶ. 2007ರಲ್ಲಿ ಇಂಗ್ಲಿಷಿನ ಪುಟಗಳಿಗಿದ್ದ ಬಯಲು ಇಂದು ಕೃಷ್ಣರಾಜಪುರದ ಕನ್ನಡ ವರ್ತಕನ ಮುಂದೆ ಹಾಗೆಯೇ ಇದೆ. ಇದೇ ಬೀದಿಗಳಲ್ಲಿ ತೆಲುಗು, ತಮಿಳು, ಹಿಂದಿ ಆಡುವವರೂ ವಾಸಿಸುತ್ತಾರಾದ್ದರಿಂದ, ಕನ್ನಡವನ್ನು ಮುಂದಿಟ್ಟು, ಬೇಕಾದಲ್ಲಿ ಅವರ ಮಾತಿನಲ್ಲಿಯೂ ಎರಡು ವಾಕ್ಯ ಹೇಳಿದರೆ ಯಾವ ಕೊರತೆಯೂ ಆಗದು.

ಸುಳ್ಳಿನ ಮಾತನ್ನೂ ಆಡಿಬಿಡಬೇಕು. ಬೇಗ ಬಂದವನಿಗೆ ಬೇಗ ಬೆಳೆಯುವ ಆಸೆಯೂ ಹುಟ್ಟುತ್ತದೆ. ಹಣ ಕೊಟ್ಟು ಹಿಂಬಾಲಕರನ್ನು ಕೊಳ್ಳುವುದು, ಬಂಧುಗಳಿಂದ ಹೊಗಳಿಕೆ ಬರೆಸುವುದು, ಹಣ ಪಡೆದು ಹೊಗಳುವವನನ್ನು ಸಾಮಾನ್ಯ ಗಿರಾಕಿಯೆಂದು ತೋರಿಸುವುದು ಈ ಆಸೆಯ ಮಕ್ಕಳು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನಿನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಹೊಗಳುವವನಿಗೂ ವರ್ತಕನಿಗೂ ಹಣದ ಸಂಬಂಧವಿದ್ದರೆ ಅದನ್ನು ಬಹಿರಂಗಪಡಿಸಬೇಕು. ದೊಡ್ಡ ಕಂಪನಿಯು ಒಂದು ಸುಳ್ಳಿನ ಅಪಕೀರ್ತಿಯನ್ನು ತಾಳಿಕೊಳ್ಳಬಹುದು. ಪ್ರತಿದಿನ ಎದುರು ಮನೆಯವರ ಮುಖ ನೋಡಬೇಕಾದ ಅಂಗಡಿಯವನಿಗೆ ಅದು ಸಾಧ್ಯವಿಲ್ಲ.

1948ರಲ್ಲಿ ಇಲ್ಲಿನ ದೂರವಾಣಿನಗರದಲ್ಲಿ ಸ್ಥಾಪಿತವಾದ ಐಟಿಐ ಕಾರ್ಖಾನೆಯು ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ದೇಶದ ಮನೆ, ಕಚೇರಿ, ಮಂಡಿಗಳ ಫೋನುಗಳು ಇಲ್ಲಿಂದ ಹೊರಟವು, ಮತ್ತು ಆ ಫೋನಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ವರ್ತಕರು ಈ ಸೀಮೆಯಲ್ಲಿಯೂ ಇದ್ದರು. ಇಂದಿನ ಸಾಧನಕ್ಕೆ ಅರ್ಜಿಯೂ ಬೇಡ, ಕಾಯುವುದೂ ಬೇಡ. ಕಲಿಸುವವರ ಅಭಾವ ಮಾತ್ರ ಇದೆ. 1916ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಹುಟ್ಟಿದ ನಮ್ಮ ವಾಣಿಜ್ಯ ಮಂಡಳಿ, ಇಂದಿನ ಎಫ್‌ಕೆಸಿಸಿಐ, ಈ ಕೆಲಸಕ್ಕೆ ಯೋಗ್ಯವಾದ ಸಂಸ್ಥೆಯೆಂದು ನಾನು ತಿಳಿಯುತ್ತೇನೆ. ಅದು ನಗರದ ನಡುವಿನ ಸಭಾಂಗಣದಲ್ಲಿ ಇಂಗ್ಲಿಷಿನ ಉಪನ್ಯಾಸ ಏರ್ಪಡಿಸುವುದರಿಂದ ನಮ್ಮ ಕಡೆಯವರಿಗೆ ಪ್ರಯೋಜನವಾಗದು. ಕೃಷ್ಣರಾಜಪುರದಲ್ಲಿಯೇ, ಕನ್ನಡದಲ್ಲಿಯೇ, ಫೋನಿನಲ್ಲಿ ಕನ್ನಡ ಟೈಪು ಮಾಡುವುದು, ಹಗಲು ಬೆಳಕಿನಲ್ಲಿ ಸರಕಿನ ಚಿತ್ರ ತೆಗೆಯುವುದು, ಬೆಲೆಯನ್ನೂ ಬಾಗಿಲು ತೆರೆಯುವ ವೇಳೆಯನ್ನೂ ಮುಚ್ಚಿಡದೆ ಬರೆಯುವುದು, ವಾರಕ್ಕೊಮ್ಮೆ ಗಿರಾಕಿಗಳ ಪಟ್ಟಿಯನ್ನು ನಕಲು ಮಾಡಿಡುವುದು, ಇಷ್ಟನ್ನು ಕಲಿಸುವ ತರಗತಿಗಳನ್ನು ನಡೆಸಲಿ. ಸಾಯಂಕಾಲ ವ್ಯಾಪಾರದ ಹೊತ್ತಾದ್ದರಿಂದ ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಬರಲಾರರು. ಮಧ್ಯಾಹ್ನ ಊಟವಾದ ಮೇಲೆ, ಎರಡರಿಂದ ನಾಲ್ಕರೊಳಗೆ ತರಗತಿ ಇದ್ದರೆ ಬಂದಾರು.